ಎಂಟರಲ್ಲಿ ಒಂದು ಪಾಲು

ಕಾಸರಗೋಡಿನ ವಿದ್ಯಾನಗರದ ಬಸ್‌ಸ್ಟಾಪಿನಲ್ಲಿ ತುಂಗಾ ಟೀಚರ್ ನೆಕ್ರಾಜೆಯ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ನಲವತ್ತು ಶಾಖೆಗಳ ಬಟ್ಟೆ ಕಂಪೆನಿಯ ಕಾರ್ಡು ಕುತ್ತಿಗೆಗೆ ಹಾಕಿಕೊಂಡ ಇಬ್ಬರು, ನರೆಗೂದಲಿನ ಸಾಹೇಬರೂ ಭವ್ಯಶ್ರೀ ಎಂಬ ಹುಡುಗಿಯೂ, ಕಂಪ್ಯೂಟರಿನ ಫೈಲುಗಳ ಪ್ರತಿ ಕಾದಿಡುವ ಬ್ಯಾಕಪ್ ಯಂತ್ರದ ಮಾತಿನಲ್ಲಿದ್ದರು.

"ಒಂದೇ ಫೈಲು ನಲವತ್ತು ಕಡೆಯಿಂದ ಬಂದ್ರೂ ಇದು ಒಂದೇ ಪ್ರತಿ ಇಟ್ಟುಕೊಳ್ತದೆ ಸರ್. ಇಪ್ಪತ್ತರಲ್ಲಿ ಒಂದು ಪಾಲು ಜಾಗ ಸಾಕಂತೆ."

"ಹಾಗೆ ಹೇಳಿದ್ದು ಯಾರು?"

"ಮಾರುವವರು."

"ನಮ್ಮ ಫೈಲು ಹಾಕಿ ನೋಡಿದಿರಾ ಭವ್ಯಶ್ರೀ?"

"ನೋಡಿದೆ. ಎಂಟರಲ್ಲಿ ಒಂದು."

"ಅದೆಂತ ಹಾಗೆ?"

"ಫೋಟೋಗಳು ಕುಗ್ಗುವುದಿಲ್ಲ. ಮತ್ತೆ ಎಲ್ಲಾ ಸರ್ಕ್ಯುಲರೂ ಮಲಯಾಳದಲ್ಲಿ ಒಂದು, ಕನ್ನಡದಲ್ಲಿ ಒಂದು ಉಂಟಲ್ಲ. ಯಂತ್ರಕ್ಕೆ ಅವು ಬೇರೆ ಬೇರೆ."

"ವಿಷಯ ಒಂದೇ ಅಲ್ವಾ?"

"ವಿಷಯ ಅದಕ್ಕೆ ಗೊತ್ತಾಗುವುದಿಲ್ಲ ಸರ್. ಅಕ್ಷರ ಮಾತ್ರ ನೋಡ್ತದೆ."

ನೆಕ್ರಾಜೆಯ ಬಸ್ಸು ಬಂದು ನಿಂತಿತು. ಮಾತು ಪೂರ್ತಿ ಕೇಳಬೇಕೆಂದು ಟೀಚರ್ ಅದನ್ನು ಹೋಗಲು ಬಿಟ್ಟರು.

"ಇದು ಮೇಲಿನವರಿಗೆ ಗೊತ್ತಾದ್ರೆ ಕನ್ನಡದ್ದು ನಿಲ್ಲಿಸಿ ಅಂತಾರೆ," ಎಂದರು ಸಾಹೇಬರು.

"ಅದಕ್ಕೇ ವರದಿಯಲ್ಲಿ ಫೋಟೋದ್ದು ಮಾತ್ರ ಬರೆದೆ."



"ಫೋಟೋ ಜಾಸ್ತಿ ಉಂಟಾ?"

"ಉಂಟು ಸರ್. ಸೀರೆಯದ್ದೇ ಎರಡು ಲಕ್ಷ."

"ಹಾಗಾದ್ರೆ ಸುಳ್ಳಲ್ಲ. ಎಂಟರ ಲೆಕ್ಕಕ್ಕೆ ದೊಡ್ಡ ಯಂತ್ರವನ್ನೇ ತೆಗೆದುಕೊಳ್ಳುವ."

ಪೇಟೆಯ ಬಸ್ಸು ಬಂತು. ಇಬ್ಬರೂ ಬಾಗಿಲಿನ ಕಡೆ ನಡೆದರು. ಮೆಟ್ಟಿಲಿಗೆ ಕಾಲಿಟ್ಟು ಸಾಹೇಬರು ತಿರುಗಿದರು.

"ವರದಿ ಯಾವ ಭಾಷೆಯಲ್ಲಿ ಬರೆದದ್ದು?"

"ಇಂಗ್ಲಿಷಿನಲ್ಲಿ ಸರ್," ಎಂದಳು ಭವ್ಯಶ್ರೀ. "ಒಂದೇ ಪ್ರತಿ."