ಬಾಣ್ತಿ ನೀರು

...ಅಯ್ಯೋ, ಅದನ್ನ ಆಮೇಲೆ ನೋಡಿದ್ರಾಯ್ತು ಕಣ್ಲಾ ಕಾಂತ. ಮೊದ್ಲು ಕೂತ್ಕೊ. ಅರಕಲಗೂಡಿಂದ ಹೊಳೆನರಸೀಪುರದ ಗಂಟ ಬೈಕಲ್ಲಿ ಬಂದಿದೀಯ, ಮುಖ ನೋಡು, ಧೂಳು ಮೆತ್ಕೊಂಡು... ಇಲ್ಲ, ಪೆನ್ನು ಬ್ಯಾಡ. ನನ್ ಕೈ ಒದ್ದೆ ಐತೆ. ಇಡ್ಲಿ ಉಯ್ದಿಟ್ಟು ಬಂದೆ. ಕಾಗದ ಅಲ್ಲೇ ಟೀಪಾಯಿ ಮ್ಯಾಲಿರ್ಲಿ, ಎಲ್ಲೂ ಓಡೋಗಕಿಲ್ಲ.

ಯಾಕಂಗ್ ನೋಡ್ತೀಯ? ಸೈನ್ ಆಕಕಿಲ್ಲ ಅಂದ್ನಾ ನಾನು? ಫೋನಲ್ಲೂ ಹೂಂ ಅಂದೆ, ಈಗ್ಲೂ ಹೂಂ. ಆದ್ರೆ ಓದಿ ನೋಡಬ್ಯಾಡ್ವಾ? 'ಗ್ಯಾಸ್ ಗೀಸರ್ ಮೆಕ್ಯಾನಿಕ್ ಪೃಥ್ವಿರಾಜನ ಬೇಜವಾಬ್ದಾರಿಯಿಂದ ನನ್ನ ಹೆಂಡತಿ ಪ್ರತಿಭಾ...' ಅಯ್ಯೋ ಶಿವನೇ! ನನ್ ಮಗಳ ಹೆಸ್ರು ಇಂಥ ಕಾಗದದಲ್ಲಿ ಬರ್ಯೋ ಅಂಗಾಯ್ತಲ್ಲೋ! ಎತ್ತಿ ಆಡಿಸ್ದ ತಮ್ಮ ಅಂತ ನಿಂಗೇ ಕೊಟ್ಟೆ. ಬ್ಯಾರೆ ಯಾರಿಗೋ ಕೊಟ್ರೆ ಎಂಗ್ ನೋಡ್ಕೊತಾರೋ ಏನೋ ಅಂತ ನಿಂಗೇ ಕೊಟ್ಟೆ. ಮಗು ಹುಟ್ಟಿ ಮೂವತ್ಮೂರು ದಿನ... ಮೂವತ್ಮೂರೇ ದಿನ ಕಣ.

ಗೊತ್ತು, ಗೊತ್ತು. ನಿಮ್ ಭಾವ ಅಂಗಡಿಗೆ ಓಗಿದ್ರು, ಮನೇಲಿದ್ದೋಳು ನಾನೊಬ್ಳೇ. ಅದಕ್ಕೇ ಸಾಕ್ಷಿಗೆ ನನ್ ಸೈನೇ ಬೇಕು ಅಂತಾರೆ ಸ್ಟೇಷನ್ನೋರು. ಆಯ್ತಪ್ಪ. ಆದ್ರೂ ಒಂದ್ ಮಾತು ಹೇಳ್ತೀನಿ, ಬಯ್ಬ್ಯಾಡ. ಬಿಟ್ಬುಡೋಣ ಕಣೋ ಆ ಗೀಸರ್ ಆಕ್ದ ಆಯಪ್ಪನ್ನ. ಯಾಕಂದ್ರೆ ಏನು? ಪಾಪ ಚನ್ನರಾಯಪಟ್ಟಣದೋನು, ಎರಡು ಹೆಣ್ಮಕ್ಕಳ ತಂದೆ. ಅವನ್ನ ಜೈಲಿಗೆ ಆಕ್ಸಿದ್ರೆ ಪ್ರತಿ ಎದ್ದು ಬತ್ತಾಳಾ? ಎತ್ತಿಗೆ ಜರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗಾಗ್ತದೆ, ಅಷ್ಟೇ... ಅಲ್ಲ, ಎತ್ತು ಯಾರು ಅಂತ ಕೇಳ್ತೀಯಾ? ಸುಮ್ನೆ ಗಾದೆ ಕಣಪ್ಪ, ಬಾಯಿಗೆ ಬಂತು ಅಂದೆ.

ಕೆಲ್ಸದಲ್ಲಿ ಅಚ್ಚುಕಟ್ಟು ಅವ್ನು. ನಾನು ಕಣ್ಣಾರೆ ಕಂಡಿದೀನಿ. ಹೊರಗಡೆ ಗೋಡೆಗೇ ಆಕ್ತೀನಿ ಅಂದಿದ್ದ, ಆ ಕಡೆ ರುದ್ರಯ್ಯನ ಮನೆ ಗೋಡೆ ಒತ್ಕೊಂಡೈತಲ್ಲ, ಜಾಗ ಎಲ್ಲಿ? ಅದಕ್ಕೇ ಬಚ್ಚಲ ಒಳಗೇ ಆಕ್ದ. ಆಕಿದ್ಮ್ಯಾಲೆ ಒಂದ್ ಗಂಟೆ ನಿಂತು ಹೇಳ್ಕೊಟ್ಟ. 'ಅಮ್ಮಾ, ಉರಿ ದೊಡ್ಡದಾಗಿಟ್ಟು, ಆಮ್ಯಾಕೆ ಸುಡ್ತದೆ ಅಂತ ತಣ್ಣೀರು ಬೆರೆಸ್ಬೇಡಿ, ಗ್ಯಾಸು ದಂಡ. ಎಷ್ಟು ಬಿಸಿ ಬೇಕೋ ಅಷ್ಟಕ್ಕೇ ಉರಿ ಇಡಿ' ಅಂದ. ನಲ್ಲಿ ಸಣ್ಣಗೆ ಬಿಟ್ರೆ ನೀರು ಕುದ್ದಂಗೆ ಬತ್ತದೆ, ಜೋರಾಗಿ ಬಿಟ್ರೆ ಬೆಚ್ಚಗೆ. ಉರಿ ನೀಲಿ ಇರ್ಬೇಕು, ಹಳದಿಗೆ ತಿರುಗಿದ್ರೆ ತಕ್ಷಣ ನಿಲ್ಸಿ ಫೋನ್ ಮಾಡ್ಬೇಕು. ನಮ್ ಬೋರ್‌ವೆಲ್ ನೀರಿಗೆ ಒಳಗೆ ಸುಣ್ಣ ಕಟ್ತದೆ, ವರ್ಷಕ್ಕೊಂದ್ಸಲ ತೊಳಸ್ಬೇಕು. ನೋಡು, ಬಾಯಿಪಾಠ! ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು ಅಂತ ನಗ್ತಿದ್ದೆ ನೀನು. ಗೀಸರ್ ನಡ್ಸೋದ್ರಲ್ಲಿ ನನ್ನ ಮೀರ್ಸೋರು ಈ ಬೀದೀಲೇ ಇರ್ಲಿಲ್ಲ. ರುದ್ರಯ್ಯನ ಹೆಂಡ್ತಿ ಮಾಯಮ್ಮ ನನ್ ಹತ್ರ ಕೇಳ್ಕೊಂಡು ಓಗ್ತಿದ್ಲು, ನಿಮ್ ಸಿಲಿಂಡ್ರು ಅದೆಂಗ್ರೀ ಅಷ್ಟು ದಿನ ಬತ್ತದೆ ಅಂತ.

ಅಷ್ಟೇ. ಅಷ್ಟೇ ಹೇಳಿದ್ದು ಅವ್ನು. ಯಾಕೆ, ಹುಬ್ಬು ಯಾಕ್ ಏರಿಸ್ತೀಯ?

...ಕಾಫಿ ಕುಡಿ, ಆರೋಗ್ತದೆ.

ಅವತ್ತಿಂದು ಮತ್ತೆ ಹೇಳ್ಬೇಕಾ? ಪೊಲೀಸ್ನೋರಿಗೆ ಹೇಳಿ ಹೇಳಿ ನಾಲ್ಗೆ ಬಿದ್ದೋಗೈತೆ. ದಿನಾ ನಾನೇ ಉಯ್ತಿದ್ದೆ ನೀರು. ಬಾಣ್ತಿ ನೀರು ಅಂದ್ರೆ ಗೊತ್ತಲ್ಲ, ಬೆನ್ನು ಕೆಂಪಗಾಗ್ಬೇಕು. ಬಾಗ್ಲು ತೆಗ್ದೇ ಇರ್ತಿತ್ತು. ಎಣ್ಣೆ, ಸೀಗೆಪುಡಿ, ಟವಲ್ಲು ಅಂತ ಒಳಕ್ಕೂ ಹೊರಕ್ಕೂ ಓಡಾಡ್ತಿದ್ನಲ್ಲ. ಅವತ್ತು ಮಗೀಗೆ ನೀರು ಉಯ್ದು ಎತ್ಕೊಂಡು ಬಂದೆ. 'ಅಮ್ಮ, ನೀನು ಪಾಪುಗೆ ಸಾಂಬ್ರಾಣಿ ಆಕು, ನಾನೇ ಉಯ್ಕೊತೀನಿ. ಇನ್ನೂ ಎಷ್ಟು ದಿನ ನಿನ್ ಮುಂದೆ ಕೂರ್ಲಿ, ನಾಚ್ಕೆ ಆಗ್ತದೆ' ಅಂದ್ಲು. ನಕ್ಕೊಂಡೇ ಓದ್ಲು ಕಣೋ. ಚಿಲ್ಕ ಆಕ್ದ ಸದ್ದು ಕೇಳ್ತು. ನೀರು ಬೀಳ್ತಾ ಇತ್ತು... ಬೀಳ್ತಾನೇ ಇತ್ತು. ಮಗು ಮಲಗ್ತು. ನಾನು ಏನಂದ್ಕೊಂಡೆ ಗೊತ್ತಾ? ಉಯ್ಕೊಳ್ಳಿ, ಪಾಪ, ನಿದ್ದೆ ಇಲ್ದೆ ಮೈ ಎಲ್ಲ ನೊಂದೈತೆ, ಚೆನ್ನಾಗಿ ಉಯ್ಕೊಳ್ಳಿ ಅಂದ್ಕೊಂಡೆ. ಅಂದ್ಕೊಂಡು ಮೆಂತ್ಯದ ಹಿಟ್ಟು ಹುರ್ಕೊಂಡು ಕೂತಿದ್ದೆ. ಒಳಗೆ ನನ್ ಮಗಳ ಉಸ್ರು ಓಗ್ತಾ ಐತೆ, ನಾನು ಹಿಟ್ಟು ಹುರೀತಾ ಇದೀನಿ!

ಬಾಗ್ಲು ಬಡ್ದೆ, ಕೂಗ್ದೆ, ರುದ್ರಯ್ಯ ಬಂದು ಒದ್ದು ಮುರಿದ್ರು. ಹಾಸನದ ಗಂಟ ಕಾರಲ್ಲಿ ತೊಡೆ ಮ್ಯಾಲೆ ಮಲಗಿಸ್ಕೊಂಡು ಓದೆ. ಮೈ ಬೆಚ್ಚಗೇ ಇತ್ತು ಕಣ ಕಾಂತ. ಡಾಕ್ಟ್ರು, ಗೀಸರ್ ಉರಿಯಿಂದ ಬರೋ ವಿಷದ ಗಾಳಿ, ವಾಸ್ನೆನೂ ಬರಕಿಲ್ಲ, ಬಣ್ಣನೂ ಇರಕಿಲ್ಲ ಅಂದ್ರು. ನಾನು ಮೈ ಬೆಚ್ಚಗೈತಲ್ಲಾ, ಮೈ ಬೆಚ್ಚಗೈತಲ್ಲಾ ಅಂತಾನೇ ಇದ್ದೆ.

ಹಣೇಲಿ ಬರ್ದಿತ್ತು, ಆಯ್ತು. ಶಿವಗಣಾರಾಧನೆನೂ ಮುಗೀತು. ಇನ್ಮ್ಯಾಲೆ ಈ ಕಾಗ್ದ, ಕಂಪ್ಲೇಂಟು, ಕೋರ್ಟು ಎಲ್ಲಾ ಯಾಕೆ ಹೇಳು? ಹಳೇ ಅಂಡೆ ಒಲೆನೇ ಇದ್ದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ. ಸೌದೆ ಆಕಿ ಊದ್ಕೊಂಡು ಕೂರ್ತಿದ್ದೆ. ಆ ಹಾಳು ಗೀಸರು ಮನೆಗೆ ಬಂದದ್ದೇ...

ಅಯ್ಯೋ! ನಿನ್ನ ಅಂದದ್ದಲ್ಲ ಕಣೋ! ಲೇ ಕಾಂತ, ನಿನ್ನ ಅಂದದ್ದಲ್ಲ. ನೀನು ತಂದ್ಕೊಟ್ಟೆ ಅಂತ ಹಂಗಂದೆ ಅಂದ್ಕೊಂಡ್ಯಾ? ಅಕ್ಕಂಗೆ ಉಬ್ಬಸ, ಬಾಣ್ತನ ಮಾಡೋವಾಗ ಹೊಗೆ ಕುಡೀಬಾರ್ದು ಅಂತ ನನಗೋಸ್ಕರ ತಂದೆ ನೀನು. ನಂಗೆ ಗೊತ್ತಿಲ್ವಾ?... ಅಳಬ್ಯಾಡ. ನೋಡು, ಗಂಡಸು ಇಂಗೆ ಅಳ್ತಾರಾ. ಮಗು ಎದ್ದಾತು.

ರಾತ್ರಿ ಹಗಲು ಉಣ್ಣಕಿಲ್ಲಂತೆ, ನಾನೇ ತಂದೆ, ನಾನೇ ತಂದೆ ಅಂತ ಗೋಡೆಗೆ ತಲೆ ಚಚ್ಕೊತೀಯಂತೆ... ಫೋನ್ ಮಾಡಿದ್ಲು ನಿನ್ ಮನೇಲಿರೋ ಚಿಕ್ಕಮ್ಮ. ಬ್ಯಾಡ ಕಣೋ. ನಿನ್ ತಪ್ಪಲ್ಲ. ನಾ ಹೇಳ್ತಿದೀನಲ್ಲ, ನಿನ್ ತಪ್ಪಲ್ಲ. ಆಯಪ್ಪನ ತಪ್ಪೂ ಅಲ್ಲ.

...ಅಂಗಾರೆ ಯಾರ್ದು ಅಂತ ನೋಡ್ತಿದೀಯ.

ಅಂಗೆ ನೋಡ್ಬ್ಯಾಡ. ಏನಾರ ಮಾತಾಡು. ನಾನೊಬ್ಳೇ ಎಷ್ಟು ಅಂತ ಬಡ್ಕೊಳ್ಳಿ? ಕಾಂತಾ... ಮಾತಾಡೋ.

ಇನ್ನೊಂದು ಹೇಳಿದ್ದ ಅವ್ನು.

ಬಚ್ಚಲ ಬೀದಿ ಕಡೆ ಗೋಡೆ ಮ್ಯಾಲೆ ಕಿಂಡಿ ಕೊರೆದಿದ್ದ, ಒಂದ್ ಗೇಣು ಅಗಲ. 'ಅಮ್ಮಾ, ಬೆಂಕಿಗೂ ಉಸ್ರು ಬೇಕು. ಇದನ್ನ ಮುಚ್ಚಿದ್ರೆ ಅದು ನಿಮ್ ಉಸ್ರು ಕಿತ್ಕೊತದೆ. ಏನೇ ಆಗ್ಲಿ ಮುಚ್ಬೇಡಿ' ಅಂದ. ಮೂರು ಸಲ ಅಂದ. ನಾನು ಹೂಂ ಹೂಂ ಅಂದು ತಲೆ ಆಡಿಸ್ದೆ. ಆಮ್ಯಾಕೆ ಈ ಮಾಗಿ ಚಳಿ ಬಿತ್ತು. ಬಾಣ್ತಿನ ಕೂರಿಸಿ ನೀರು ಉಯ್ದ್ರೆ ಆವಿ ಎಲ್ಲ ಆ ಕಿಂಡೀಲಿ ಓಡೋಗ್ತಿತ್ತು. ಗ್ಯಾಸು ಉರ್ಸಿ ಬೀದಿ ಕಾಯಿಸ್ದಂಗಾಯ್ತಲ್ಲಪ್ಪಾ ಅಂದ್ಕೊಂಡೆ. ಅಲ್ಲಿಂದ್ಲೇ ಕುಳಿರ್ಗಾಳಿ ಒಳಕ್ಕೆ ನುಗ್ಗೋದು. 'ಅಮ್ಮ, ಬೆನ್ನಿಗೆ ಗಾಳಿ ಬತ್ತದೆ' ಅಂತ ನಡುಗಿದ್ಲು. ಹಸಿ ಬಾಣ್ತಿ ಮೈಗೆ ಸೀತ ಹೊಕ್ರೆ ಮುದುಕಿ ಆಗೋಗಂಟ ಬಿಡಕಿಲ್ಲ. ನಮ್ಮವ್ವ ನಂಗೆ ಕದ ಕಿಟಕಿಗೆಲ್ಲ ಬಟ್ಟೆ ಸಿಗಿಸಿ ಕಾಪಾಡಿದ್ಲು. ನಾನೂ... ನನ್ ಹಳೇ ಸೀರೆ ಹರ್ದು ಆ ಕಿಂಡಿಗೆ ಗಿಡಿದ್ಬುಟ್ಟೆ ಕಣೋ. ನನ್ ಕೈಯ್ಯಾರೆ. ಒಂದ್ ಚೂರು ಸಂದಿ ಬಿಡ್ದಂಗೆ.

ಅವಳು ಕೇಳಿದ್ಲು! ಕೇಳಿದ್ಲು ಕಣ ಕಾಂತ. 'ಅಮ್ಮ, ಅವ್ರು ಮುಚ್ಬೇಡಿ ಅಂದಿದ್ರಲ್ಲ' ಅಂದ್ಲು. ಗದರ್ಕೊಂಡೆ. ಹತ್ತು ಬಾಣ್ತನ ಮಾಡಿರೋ ಕೈ ಕಣೇ ಇದು, ಮೊನ್ನೆ ಹೆತ್ತೋಳು ನೀನು ನಂಗೆ ಬುದ್ಧಿ ಹೇಳ್ತೀಯಾ ಅಂದೆ. ತಲೆ ಬಗ್ಸಿ ನೀರಿಗೆ ಕೂತ್ಲು. ದಿನಾ ಬಾಗ್ಲು ತೆಗ್ದಿರ್ತಿತ್ತು, ಏನೂ ಆಗ್ಲಿಲ್ಲ. ನನ್ ಮಾತೇ ಸರಿ ಅಂತ ಬೀಗ್ದೆ ನಾನು. ಅವತ್ತು ಚಿಲ್ಕ ಆಕ್ದಾಗ ನಂಗೆ ನೆಪ್ಪೇ ಆಗ್ಲಿಲ್ಲ. ಪೊಲೀಸ್ನೋರು ಬರೋಕೆ ಮುಂಚೆ ನೆಪ್ಪಾಯ್ತು ನೋಡು! ಹಾಸನದಿಂದ ಬಂದೋಳು ನೆಟ್ಟಗೆ ಬಚ್ಚಲಿಗೋಗಿ ಬಟ್ಟೆ ಕಿತ್ತು ಹಿತ್ಲ ಒಲೆಗಾಕ್ದೆ. ಮಗಳ ಹೆಣ ಇನ್ನೂ ಆಸ್ಪತ್ರೇಲಿತ್ತು. ಎಂಥ ತಾಯಿ ಕಣೋ ನಾನು, ಎಂಥ ಮುಂಡೇದು!

ನೀನು ಅಲ್ಲಿ ತಲೆ ಚಚ್ಕೊತಿದ್ದೆ, ಚಚ್ಕೊಳ್ಳಿ ಅಂತ ಬಿಟ್ಟೆ. ಹದಿನೈದು ದಿನ ಬಿಟ್ಟೆ. ನೀನು ಮಗೀನ ಎತ್ಕೊಂಡೋಗ್ಬುಡ್ತೀಯ, ಇನ್ಯಾವತ್ತೂ ಅಕ್ಕ ಅನ್ನಕಿಲ್ಲ ಅಂತ ಹೆದ್ರಿಕೆ... ಕೈ ಯಾಕ್ ಎಳ್ಕೊಂಡೆ? ಆಯ್ತು, ಮುಟ್ಟಕಿಲ್ಲ. ಮುಟ್ಟಕಿಲ್ಲ ಕಣಪ್ಪ.

ಬಯ್ಯೋ. ಹೊಡೀಬೇಕು ಅನ್ಸಿದ್ರೆ ಹೊಡಿ. ದಮ್ಮಯ್ಯ.

...ಪೆನ್ನು ತಗೋ. ಪೃಥ್ವಿರಾಜ ಅಂತಿರೋದನ್ನ ಹೊಡ್ದಾಕು. ಬ್ಯಾರೆಯೋರ ಮಕ್ಕಳ ಕಣ್ಣೀರು ನಮಗೆ ಬ್ಯಾಡ. ಅಲ್ಲಿ ಬಸವಲಿಂಗಮ್ಮ ಅಂತ ಬರಿ. ಬರಿ ಕಾಂತ. ಯಾಕೆ, ಆಗಕಿಲ್ವಾ?

ಕೊಡು ಇತ್ತಾಗೆ. ನನ್ ಹೆಸ್ರು ನಂಗೇ ಬರ್ಯಕೆ ಬತ್ತದೆ.