ಸೂಜಿ ಚುಚ್ಚಿದ ಮೇಲೆ

ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಾ ಕೂತಿದ್ದೆ. ಡಾಕ್ಟರಮ್ಮ ಕೈಗವಸು ತೊಟ್ಟೇ ಹೊರಗೆ ಬಂದು, ಕಂಪ್ಯೂಟರ್ ಎದುರು ಬೆವರುತ್ತಿದ್ದ ತಮ್ಮ ಮೈದುನನ ಬಳಿ ನಿಂತರು.

“ಒಳಗೆ ಎಕ್ಸ್‌ರೇ ಯಾಕೆ ಕಾಣ್ತಿಲ್ಲ?”

“ಬೆಳಿಗ್ಗೆ ಎಕ್ಸ್‌ರೇ ತೋರಿಸೋ ಬ್ರೌಸರ್ ಅಪ್‌ಗ್ರೇಡ್ ಮಾಡಿದೆ ಅತ್ತಿಗೆ. ಆಮೇಲೆ ಅದು ತೆರೀಲೇ ಇಲ್ಲ. ಯಾವುದೋ ಲೈಬ್ರರಿ ಫೈಲು ಹಳೇದಾಯ್ತು, ಹೊಸದು ಬೇಕು ಅಂತು.”

“ಸರಿ, ಹಾಕೋದು ತಾನೆ?”

“ಹಾಕಿದೆ. ಎಲ್ಲಿಂದಲೋ ಹೊಸದು ಇಳಿಸಿ, ಹಳೇ ಫೈಲಿನ ಮೇಲೇ ಹಾಕಿಬಿಟ್ಟೆ. ಈ ಕಂಪ್ಯೂಟರ್ ಓಡಿಸೋ ಲಿನಕ್ಸ್‌ನಲ್ಲಿ ಆ ಒಂದು ಫೈಲನ್ನ ಎಲ್ಲ ಪ್ರೋಗ್ರಾಮ್‌ಗಳೂ ಹಂಚ್ಕೊಂಡಿರ್ತಾವೆ. ಈಗ ಒಂದೂ ಏಳ್ತಿಲ್ಲ.”

“ಒಂದೂ ಅಂದ್ರೆ?”

“ಒಂದೂ.”

ಡಾಕ್ಟರಮ್ಮ ಒಳಗಿನ ಕುರ್ಚಿಯತ್ತ ತಿರುಗಿ ನೋಡಿದರು. “ಅಯ್ಯೋ ಪುಣ್ಯಾತ್ಮ! ಮರಗಟ್ಟಿಸೋ ಸೂಜಿ ಚುಚ್ಚಾಗಿದೆ ಕಣೋ. ಮೇಲಿಂದ ನೋಡಿದ್ರೆ ಅಕ್ಕಪಕ್ಕದ ಎರಡು ಹಲ್ಲೂ ಒಂದೇ ಥರ ಇವೆ. ಯಾವುದರ ಬೇರು ಕೊಳೆತಿದೆ ಅಂತ ಆ ಎಕ್ಸ್‌ರೇನೇ ಹೇಳ್ಬೇಕು.”

“ಚಿತ್ರಗಳು ಎಲ್ಲೂ ಹೋಗಿಲ್ಲ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿ, ಅದರಲ್ಲಿರೋ ಹಳೇ ಫೈಲು ವಾಪಸ್ ಕೂರಿಸ್ತೀನಿ. ಅಲ್ಲೀವರೆಗೆ ರೋಗಿಗೆ ಸ್ವಲ್ಪ ಕಾಯೋಕೆ ಹೇಳಿ.”

“ನೀನೇ ಬಂದು ಹೇಳು.”

“ನಾನಾ? ಯಾರು ಕೂತಿರೋದು?”

“ನಿಮ್ಮಮ್ಮ.”

ಅವನು ದಡಕ್ಕನೆ ಎದ್ದು ನಿಂತ.

“ಅಮ್ಮ ಯಾವಾಗ ಬಂದ್ರು?”

“ನಿನ್ನ ಎದುರಿಗೇ ಹಾದು ಹೋದ್ರು. ನೀನು ತಲೆ ಎತ್ತಲಿಲ್ಲ.”

“ವಿಷಯ ಗೊತ್ತಾ ಅವರಿಗೆ? ಏನಾದ್ರೂ ಅಂದ್ರಾ?”

“ಈಗಿನ್ನೂ ನಾಲಿಗೆ ಹೊರಳ್ತಿಲ್ಲ. ಹೊರಳೋಕೆ ಮುಂಚೆ ಮುಗಿಸು, ನಡಿ.”

ಅವನು ಡ್ರಾಯರ್‌ನಿಂದ ಪೆನ್‌ಡ್ರೈವ್ ತಡಕಿ ತೆಗೆದು ಕಂಪ್ಯೂಟರ್‌ಗೆ ಚುಚ್ಚಿದ. ಇಬ್ಬರೂ ಒಳಗೆ ಹೋದರು, ಅವನು ಅತ್ತಿಗೆಯ ಬೆನ್ನ ಹಿಂದೆ.