ಅಕ್ಕನ ಹತ್ತಿರ ಇದ್ದ ಪದಕ

ಗೋವಿಂದರಾಜನಗರದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಅಜ್ಜಿಯರು ಕೂತಿದ್ದರು. ಮಾತಿನಿಂದಲೇ ಗೊತ್ತಾಯಿತು: ಒಬ್ಬರು ಎಪ್ಪತ್ತೊಂದರ ಯುದ್ಧದಲ್ಲಿ ಹಡಗಿನ ಜೊತೆ ಮುಳುಗಿಹೋದ ನಾವಿಕನ ಹೆಂಡತಿ ಮುನಿತಾಯಮ್ಮ, ಇನ್ನೊಬ್ಬರು ಅವನ ಅಕ್ಕ ಕೆಂಪಮ್ಮ. ಹುತಾತ್ಮರ ಮನೆಯವರಿಗೆ ಸನ್ಮಾನ ಇತ್ತಂತೆ, ಅಲ್ಲಿಗೆ ಹೊರಟಿದ್ದರು. ಅವನಿಗೆ ಬಂದ ಎರಡು ಪದಕಗಳಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು.

“ಅಕ್ಕ, ನಿಮ್ಮದನ್ನೂ ಕೊಡಿ. ಸ್ಟೇಜ್ ಮೇಲೆ ಹೋಗೋಳು ನಾನು.”

“ಕೊಡಲ್ಲ ಕಣೇ. ನಮ್ಮಮ್ಮ ನನಗೆ ಅಂತ ಕೊಟ್ಟಿದ್ದು.”

“ಹೆಂಡ್ತಿ ನಾನು.”

“ನೀನು ಸಂಸಾರ ಮಾಡಿದ್ದು ಆರು ತಿಂಗಳು. ಬಾವೀಲಿ ಅವನಿಗೆ ಈಜು ಕಲಿಸಿದ್ದು ನಾನು. ಇಲ್ದಿದ್ರೆ ನೇವಿಗೆ ಎಲ್ಲಿ ಸೇರ್ತಿದ್ದ?”

“ಇನ್ನೂ ಸ್ವಲ್ಪ ಚೆನ್ನಾಗಿ ಕಲಿಸ್ಬೇಕಿತ್ತು ಅಕ್ಕ. ವಾಪಸ್ ಬರ್ತಿದ್ರು.”

ಕೆಂಪಮ್ಮ ನಗು ತಡೆಯಲಾಗದೆ ಕಣ್ಣು ಒರೆಸಿಕೊಂಡರು. ಬ್ಯಾಗಿನಿಂದ ಪದಕ ತೆಗೆದು, ಮುನಿತಾಯಮ್ಮನ ಸೆರಗಿಗೆ ತಾವೇ ಚುಚ್ಚಿದರು.

“ಸ್ಟೇಜಿಂದ ಇಳಿದ ತಕ್ಷಣ ವಾಪಸ್ ಕೊಡ್ಬೇಕು.”

“ನೋಡೋಣ.”

ಬಸ್ ಬಂತು. ಮುನಿತಾಯಮ್ಮ ಮೊದಲು ಹತ್ತಿದರು. ಅವರ ಸೆರಗಿನ ತುದಿ ಹಿಡಿದುಕೊಂಡೇ ಕೆಂಪಮ್ಮ ಹಿಂದೆ ಹತ್ತಿದರು.